ನಿಕ್ಕಲ್ಲೋ ಇರಿಡಿಯಮ್ಮೋ: ದೇವಿಮನೆ ಘಟ್ಟದಲ್ಲಿ ಎರಡು ಪ್ಲಗ್

ಶಿರಸಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ಎಂಜಿನ್ನಿನೊಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಕೇಳಿದರೆ ಎರಡು ಥರದ್ದು ಮುಂದಿಡುತ್ತಾರೆ. ಒಂದು ಮಾಮೂಲಿ ನಿಕ್ಕಲ್, ಇನ್ನೊಂದು ಅದಕ್ಕಿಂತ ಹಲವು ಪಟ್ಟು ದುಬಾರಿಯ ಇರಿಡಿಯಂ. ನನ್ನ ಹಳೇ 100 ಸಿಸಿ ಕಾರ್ಬ್ಯುರೇಟರ್ ಬೈಕಿಗೆ ಎರಡನ್ನೂ ಹೊಸದಾಗಿಯೇ ಹಾಕಿ, ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದು ಹತ್ತಿ ನೋಡಿದ್ದೇನೆ.

ಇರಿಡಿಯಂ ಪ್ಲಗ್ಗಿನ ನಡುವಿನ ಕಡ್ಡಿ ಬರೀ 0.6 ಮಿ.ಮೀ., ಕೆಲವದರಲ್ಲಿ 0.4. ಹೊಲಿಗೆ ಸೂಜಿಯಷ್ಟೇ ಅನ್ನಿ. ನಿಕ್ಕಲ್ಲಿನದು ಅದರ ಮೂರ್ನಾಲ್ಕು ಪಟ್ಟು ದಪ್ಪ. ನಿಕ್ಕಲ್ 1455 ಡಿಗ್ರಿಗೆ ಕರಗುತ್ತದೆ, ಇರಿಡಿಯಂ ಕರಗಲು 2400 ದಾಟಬೇಕು. ಹಾಗಾಗಿ ಅಷ್ಟು ತೆಳ್ಳಗೆ ಮಾಡಿದರೂ ಬೇಗ ಸವೆಯುವುದಿಲ್ಲ. ತುದಿ ತೆಳ್ಳಗಿದ್ದರೆ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ. ಆಗಷ್ಟೇ ಹೊತ್ತಿಕೊಂಡ ಬೆಂಕಿಯ ಕಾವನ್ನು ಲೋಹ ಹೀರುವುದೂ ಕಮ್ಮಿ.

ಇದರ ಲಾಭ ಕಂಡದ್ದು ಮಳೆಗಾಲದ ಬೆಳಿಗ್ಗೆ. ಚೋಕ್ ಎಳೆದರೂ ನಿಕ್ಕಲ್ ಮೂರ್ನಾಲ್ಕು ಕಿಕ್ ಕೇಳುತ್ತಿತ್ತು. ಇರಿಡಿಯಂ ಒಂದೆರಡರಲ್ಲೇ ಎದ್ದಿತು. ಘಟ್ಟದ ತಿರುವಿನಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡು ನಿಧಾನ ಹತ್ತುವಾಗಲೂ ಎಂಜಿನ್ ಮುಗ್ಗರಿಸಲಿಲ್ಲ. ಮೈಲೇಜ್ ಮಾತ್ರ ಇದ್ದ ಹಾಗೇ ಇದೆ. ಇರಿಡಿಯಂ ಹಾಕಿದ ಮೇಲೆ ಲೀಟರಿಗೆ ಐದು ಕಿಲೋಮೀಟರ್ ಜಾಸ್ತಿ ಬಂತು ಅನ್ನುವವರು ಕಿತ್ತು ಬಿಸಾಕಿದ್ದು ಸವೆದು ಹೋದ ಪ್ಲಗ್. ಅದರ ಜಾಗಕ್ಕೆ ಹೊಸ ನಿಕ್ಕಲ್ ಹಾಕಿದ್ದರೂ ಬೈಕ್ ಚುರುಕಾಗುತ್ತಿತ್ತು, ಅಲ್ವಾ?

ನಿಕ್ಕಲ್ಲಿಗೆ ಅದರದೇ ಅನುಕೂಲವಿದೆ. ಮಸಿ ಕಟ್ಟಿದರೆ ದಾರಿಯಲ್ಲೇ ಬಿಚ್ಚಿ, ಎಮರಿ ಪೇಪರಿನಿಂದ ಉಜ್ಜಿ, ಗ್ಯಾಪ್ (ಕಿಡಿ ಹಾರುವ ಸಂದು) ಸರಿಮಾಡಿ ಹೊರಡಬಹುದು. ಇರಿಡಿಯಮ್ಮಿನ ತುದಿಯನ್ನು ಹಾಗೆ ಉಜ್ಜಿದರೆ ಕೊಟ್ಟ ದುಡ್ಡು ಹೋಯಿತು. ಬಿಚ್ಚಿದಾಗ ಬಣ್ಣವನ್ನೂ ನೋಡಿ. ತುದಿ ತಿಳಿ ಕಂದು ಇದ್ದರೆ ಸರಿ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಅದಕ್ಕೆ ಯಾವ ಪ್ಲಗ್ಗೂ ಮದ್ದಲ್ಲ.

ಮಳೆಯಲ್ಲಿ ಬೈಕ್ ಕೈಕೊಟ್ಟರೆ ನಾನು ಎರಡನ್ನೂ ಬೈಯುವುದಿಲ್ಲ. "ಪ್ಲಗ್ ಆಮೇಲೆ ನೋಡುವಾ ಹೆಗಡೇರೇ, ಮೊದಲು ಕ್ಯಾಪ್ ತೆಗೀರಿ" ಅನ್ನುತ್ತಾನೆ ನಮ್ಮ ಮೆಕ್ಯಾನಿಕ್. ಕ್ಯಾಪ್ ಅಂದರೆ ಪ್ಲಗ್ಗಿನ ತಲೆಗೆ ಕೂರಿಸಿದ, ವೈರಿನ ಕರೆಂಟನ್ನು ಅದಕ್ಕೆ ಮುಟ್ಟಿಸುವ ಟೋಪಿ. ಕಾರವಾರದ ಕಡೆ ಓಡಾಡುವ ಬೈಕುಗಳಿಗೆ ಇದು ಇನ್ನೂ ಮುಖ್ಯ. ಉಪ್ಪುಗಾಳಿಗೆ ಕ್ಯಾಪಿನ ಒಳಗೆ ಹಸಿರು ಕಿಲುಬು ಹಿಡಿಯುತ್ತದೆ, ರಬ್ಬರ್ ಬಿರುಕು ಬಿಟ್ಟರೆ ನೀರು ಇಳಿಯುತ್ತದೆ. ರಾತ್ರಿ ಲೈಟ್ ಆರಿಸಿ ಎಂಜಿನ್ ಓಡಿಸಿ ನೋಡಿ, ಕ್ಯಾಪಿನ ಬುಡದಿಂದ ಸಿಲಿಂಡರ್ ಹೆಡ್ಡಿಗೆ ನೀಲಿ ಕಿಡಿ ಹಾರುವುದು ಕಾಣುತ್ತದೆ. ಆಗ ಕೈ ಹಾಕಬೇಡಿ, ಚೆನ್ನಾಗಿಯೇ ಹೊಡೆಯುತ್ತದೆ. ಹೊಸ ಕ್ಯಾಪಿಗೆ ಖರ್ಚೂ ಜಾಸ್ತಿ ಆಗುವುದಿಲ್ಲ.

ದಿನಾ ಘಟ್ಟ ಹತ್ತುವವರು ಇರಿಡಿಯಂ ಹಾಕಿಸಿ, ಊರೊಳಗೇ ಓಡಾಡುವವರಿಗೆ ನಿಕ್ಕಲ್ ಸಾಕು. ಯಾವುದೇ ಕೊಂಡರೂ ಅದರ ಮೇಲಿನ ನಂಬರ್ ನೋಡಿ, ಕಂಪನಿಯಿಂದ ಕಂಪನಿಗೆ ಅದರ ಅರ್ಥ ಬೇರೆ. ಎನ್‌ಜಿಕೆಯಲ್ಲಿ ನಂಬರ್ ಹೆಚ್ಚಾದಷ್ಟೂ ಪ್ಲಗ್ ತಂಪು (ಅಂದರೆ ತನ್ನ ಕಾವನ್ನು ಬೇಗ ಬಿಟ್ಟುಕೊಡುವಂಥದ್ದು), ಬಾಷ್‌ನಲ್ಲಿ ಹೆಚ್ಚಾದಷ್ಟೂ ಬಿಸಿ. ಒಂದರ ನಂಬರ್ ಹೇಳಿ ಇನ್ನೊಂದನ್ನು ತರಬೇಡಿ.