ಜಿಗ್‌ಸಾ ತಗೊಳ್ಳೋರು ಪೆಟ್ಟಿಗೆ ನಂಬಬೇಡಿ, ಬ್ರಷ್ ಬಿಚ್ಚಿಸಿ ನೋಡಿ

ಹಳೇ ಜಿಗ್‌ಸಾ (ಬ್ಲೇಡ್ ಮೇಲೆ ಕೆಳಗೆ ಆಡುತ್ತಾ ಹಲಗೆ ಕೊಯ್ಯುವ ಕೈ ಮಷೀನ್) ಕೆಟ್ಟು ಹೊಸದು ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಬೆಂಗಳೂರಿನ ಒಂದು ಟೂಲ್ಸ್ ಅಂಗಡಿಯವರು ಯಾರೋ ದುಡಿಸಿ ಬಿಟ್ಟ ಮಷೀನಿಗೆ ಹೊಸ ಸ್ಟಿಕ್ಕರ್ ಅಂಟಿಸಿ, ಹೊಸ ಪೆಟ್ಟಿಗೆಯಲ್ಲಿಟ್ಟು, 'ಕಂಪನಿ ಸೀಲ್ ಪೀಸ್ ಸಾರ್' ಅಂತ ನನಗೆ ಮಾರಿದ್ದಾರೆ. ಸ್ಟಿಕ್ಕರ್ ಒಂದೇ ಹೊಸದು. ಮಿಕ್ಕಿದ್ದೆಲ್ಲ ಹಳೇದು.

ಗುಟ್ಟು ಹೊರಬಿದ್ದದ್ದು ಮೊದಲನೇ ಕಟ್‌ನಲ್ಲೇ. 18 ಮಿ.ಮೀ. ಪ್ಲೈವುಡ್, ಟಿ101ಬಿ ಹೊಸ ಬ್ಲೇಡ್, ಪೆಂಡುಲಮ್ (ಬ್ಲೇಡನ್ನು ಹಿಂದೆ ಮುಂದೆಯೂ ತೂಗಿಸುವ ಸೆಟ್ಟಿಂಗ್) ಸೊನ್ನೆಯಲ್ಲಿ, ಪಕ್ಕಕ್ಕೆ ನೇರ ಪಟ್ಟಿ ಕ್ಲ್ಯಾಂಪ್ ಮಾಡಿ ಕೊಯ್ದದ್ದು. ಮೇಲ್ಗಡೆ ಗೆರೆ ಮೇಲೇ ಇದೆ, ಹಲಗೆ ತಿರುವಿದರೆ ಕೆಳಗಡೆ 3 ಮಿ.ಮೀ. ವಾಲಿದೆ! ಬ್ಲೇಡ್ ವಾಲುವುದಕ್ಕೆ ಸಾಮಾನ್ಯ ಕಾರಣಗಳು ಎಲ್ಲರಿಗೂ ಗೊತ್ತು: ಹಲ್ಲು ಮೊಂಡಾಗಿರಬೇಕು, ಮುಂದಕ್ಕೆ ಜೋರಾಗಿ ಒತ್ತಿರಬೇಕು, ಇಲ್ಲಾ ಬಿಗಿ ತಿರುವಿನಲ್ಲಿ ಕೊಯ್ದಿರಬೇಕು, ಇಲ್ಲಾ ತಳದ ಪ್ಲೇಟು 90 ಡಿಗ್ರಿಗೆ ಕೂತಿರಬಾರದು. ಪ್ಲೇಟಿಗೆ ರೈಟ್ ಆಂಗಲ್ ಹಿಡಿದೆ, ಸರಿಯಾಗಿತ್ತು. ಉಳಿದ ಮೂರೂ ಇಲ್ಲಿ ಇಲ್ಲ. ಹಾಗಾದರೆ ಉಳಿಯುವುದು ಬ್ಲೇಡಿನ ಬೆನ್ನಿಗೆ ಆನಿಸಿಕೊಂಡಿರುವ ರೋಲರ್. ನೋಡಿದರೆ ರೋಲರ್ ಕಾಲುವೆಯ ಅಂಚು ಸವೆದು ಅಗಲವಾಗಿದೆ, ಬೆರಳಲ್ಲಿ ಅಲ್ಲಾಡಿಸಿದರೆ ಎಡಕ್ಕೆ ಬಲಕ್ಕೆ ಆಡುತ್ತೆ. ಆ ಕಾಲುವೆ ಬ್ಲೇಡನ್ನು ಹಿಡಿಯದಿದ್ದರೆ ತುದಿ ಎತ್ತ ಬೇಕಾದರೂ ಹೋಗುತ್ತೆ. ಹೊಸ ಮಷೀನಲ್ಲಿ ಇದು ಆಗೋಕೆ ಸಾಧ್ಯವೇ ಇಲ್ಲ.

ಈ ಮಾಡೆಲ್‌ನಲ್ಲಿ ಕಾರ್ಬನ್ ಬ್ರಷ್ ಕ್ಯಾಪ್ ಬಾಡಿಯ ಹೊರಗಡೆಯೇ ಇದೆ. ಬ್ರಷ್ ಅಂದರೆ ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು, ಮಷೀನ್ ಓಡಿದಷ್ಟೂ ಸವೆಯುತ್ತೆ. ಪ್ಲಗ್ ತೆಗೆದು, ಸ್ಕ್ರೂಡ್ರೈವರಲ್ಲಿ ತಿರುಗಿಸಿ ಬ್ರಷ್ ಎಳೆದೆ. ಸಿಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಹೊಸ ಬ್ರಷ್‌ಗೆ ಹೋಲಿಸಿದರೆ ಅರ್ಧ ಉದ್ದವೂ ಇಲ್ಲ. ಮುಖ ಕಮ್ಯುಟೇಟರಿನ (ಬ್ರಷ್ ಉಜ್ಜುವ, ಮೋಟಾರಿನಲ್ಲಿ ತಿರುಗುವ ತಾಮ್ರದ ಉರುಳೆ) ಉರುಟಿಗೆ ಸರಿಯಾಗಿ ಬಾಗಿ ಕನ್ನಡಿಯ ಹಾಗೆ ಹೊಳೆಯುತ್ತಿದೆ, ಒಂದು ಅಂಚು ಚಕ್ಕೆ ಎದ್ದಿದೆ. ಒಳಗೆ ಇಣುಕಿದರೆ ಕಮ್ಯುಟೇಟರಿನ ತಾಮ್ರದ ಮೇಲೆ ದಪ್ಪನೆಯ ಕಪ್ಪು ಪಟ್ಟಿ. ಇಷ್ಟಾದ ಮೇಲೆ ನಂಬರ್ ಪ್ಲೇಟ್ ನೋಡಿದೆ: ಸ್ಟಿಕ್ಕರಿನ ಮೂಲೆ ಎದ್ದಿದೆ, ಅದರಡಿ ಹಳೇ ಸ್ಟಿಕ್ಕರಿನ ಗೋಂದು. ಮಷೀನ್ ಮೇಲಿನ ಸೀರಿಯಲ್ ನಂಬರ್ ಒಂದು, ಪೆಟ್ಟಿಗೆ ಮೇಲಿನದು ಇನ್ನೊಂದು.

ಅಂಗಡಿಯವರ ಉತ್ತರಗಳನ್ನು ಓದಿ. ಮೊದಲು: 'ಬ್ಲೇಡ್ ಸರಿಯಿಲ್ಲ ಸಾರ್, ಬೇರೆ ಹಾಕಿ.' ಹೊಸ ಬ್ಲೇಡ್ ಅಂದೆ. 'ನೀವು ಒತ್ತಿರ್ತೀರ, ಜಿಗ್‌ಸಾ ಒತ್ತಬಾರದು.' ಬ್ರಷ್ ತೋರಿಸಿದೆ. 'ಕಂಪನೀಲಿ ಟೆಸ್ಟಿಂಗ್ ಮಾಡಿರ್ತಾರೆ.' ಟೆಸ್ಟಿಂಗಲ್ಲಿ ಅರ್ಧ ಬ್ರಷ್ ಸವೆಯುತ್ತಾ? ಫ್ಯಾಕ್ಟರಿ ಟೆಸ್ಟ್ ಆದ ಮಷೀನಲ್ಲಿ ಕಮ್ಯುಟೇಟರ್ ಮೇಲೆ ತೆಳ್ಳಗಿನ ಗುರುತು ಇದ್ದರೆ ಹೆಚ್ಚು. ಎರಡು ಸೀರಿಯಲ್ ನಂಬರ್ ಪಕ್ಕಪಕ್ಕ ಇಟ್ಟಾಗ ಬಂದ ಕೊನೆಯ ಮಾತು: 'ಬಿಲ್ ಎಲ್ಲಿ ಸಾರ್? ನಮ್ಮ ಅಂಗಡೀದು ಅಂತ ಏನು ಗ್ಯಾರಂಟಿ?'

ಬಿಲ್ ಎಲ್ಲಿ! ಕೊಡುವಾಗ 'ಬಿಲ್ ಬೇಕಂದ್ರೆ 18% ಜಿಎಸ್‌ಟಿ ಸೇರುತ್ತೆ' ಅಂತ ಎಸ್ಟಿಮೇಟ್ ಚೀಟಿ ಕೈಗಿಟ್ಟವರೇ ಇವರು. ಆ ಚೀಟಿಯಲ್ಲಿ ಅಂಗಡಿ ಹೆಸರಿಲ್ಲ, ಜಿಎಸ್‌ಟಿ ನಂಬರಿಲ್ಲ, ಮಷೀನ್ ಸೀರಿಯಲ್ ನಂಬರಂತೂ ಇಲ್ಲವೇ ಇಲ್ಲ. ನೆನಪಿಡಿ, ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತೆ. ಅದರ ಮೇಲೆ ಮತ್ತೆ ಕೇಳುವ ಹಾಗಿಲ್ಲ. ಬಿಲ್ ತಪ್ಪಿಸೋದು ತೆರಿಗೆಗೆ ಮಾತ್ರ ಅಲ್ಲ, ನಾಳೆ ಮುಖ ತಿರುಗಿಸೋಕೆ.

ಅಂಗಡಿಯಲ್ಲೇ, ದುಡ್ಡು ಕೊಡುವ ಮೊದಲು ಮಾಡಬೇಕಾದ್ದು. ಪೆಟ್ಟಿಗೆ, ಮಷೀನ್, ಬಿಲ್ ಮೂರರಲ್ಲೂ ಒಂದೇ ಸೀರಿಯಲ್ ನಂಬರ್ ಇರಬೇಕು. ಬಾಡಿ ಸ್ಕ್ರೂಗಳ ತಲೆ ನೋಡಿ, ಬಿಚ್ಚಿದ ಗೀರಿದ್ದರೆ ಬೇಡ. ತಳದ ಪ್ಲೇಟಿನಲ್ಲಿ ಉದ್ದುದ್ದ ಗೀರಿದ್ದರೂ ಬೇಡ. ಬ್ರಷ್ ಕ್ಯಾಪ್ ಹೊರಗಿದ್ದರೆ ಅಲ್ಲೇ ಬಿಚ್ಚಿಸಿ. ಪ್ಲಗ್ ತೆಗೆದಿಟ್ಟು ಉದ್ದನೆಯ ಬ್ಲೇಡ್ ಹಾಕಿ, ತುದಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ: ಹಿಂದೆ ಮುಂದೆ ಸ್ವಲ್ಪ ಆಡುವುದು ಸಹಜ, ಪೆಂಡುಲಮ್ ಇರುವ ಮಷೀನಲ್ಲಿ ಹಾಗೇ ಇರುತ್ತೆ, ಆದರೆ ಪಕ್ಕಕ್ಕೆ ಲೊಡಲೊಡ ಅನ್ನಬಾರದು. ಆಮೇಲೆ ಓಡಿಸಿ, ಗಾಳಿ ಕಿಂಡಿಯಲ್ಲಿ ನೋಡಿ. ಸಣ್ಣ ನೀಲಿ ಕಿಡಿ ಪರವಾಗಿಲ್ಲ, ಕಮ್ಯುಟೇಟರ್ ಸುತ್ತ ಕೆಂಪು ಬಳೆ ಎದ್ದರೆ ಅಲ್ಲೇ ಬಿಟ್ಟು ಬನ್ನಿ. 'ಕರೆಂಟ್ ಇಲ್ಲ, ಮನೇಲಿ ನೋಡಿಕೊಳ್ಳಿ' ಅಂದರೂ ಬಿಟ್ಟು ಬನ್ನಿ.

ಯಾವ ಮಷೀನ್ ಅಂತ ಕೇಳಿದರೆ, ವಾಟ್ ನೋಡಿ ಮರುಳಾಗಬೇಡಿ, ಸ್ಟ್ರೋಕ್ ಉದ್ದ, ಅಂದರೆ ಬ್ಲೇಡ್ ಮೇಲೆ ಕೆಳಗೆ ಎಷ್ಟು ದೂರ ಆಡುತ್ತೆ ಅನ್ನೋದನ್ನು ನೋಡಿ. ಅಗ್ಗದವು 18 ಮಿ.ಮೀ., ದೊಡ್ಡವು 26 ಮಿ.ಮೀ. ದಪ್ಪ ತೇಗ, ಹಲಸು ಕೊಯ್ಯುವಾಗ ಉದ್ದ ಸ್ಟ್ರೋಕ್ ಹೊಟ್ಟನ್ನು ಹೊರಗೆಳೆಯುತ್ತೆ, ಬ್ಲೇಡ್ ಕಡಿಮೆ ಬಿಸಿಯಾಗುತ್ತೆ. ಸ್ಪೀಡ್ ಡಯಲ್ ಬೇಕೇ ಬೇಕು, ತಗಡು ಕೊಯ್ಯುವವರಿಗೆ ಇನ್ನೂ ಬೇಕು. ಪೆಂಡುಲಮ್ ಸೊನ್ನೆಯಿಂದ 3ರ ತನಕ ಇರಲಿ. ಬ್ಲೇಡ್ ಟಿ ಶ್ಯಾಂಕ್‌ದೇ (ಮಷೀನಿಗೆ ಸಿಕ್ಕಿಸುವ ಬುಡ ಟಿ ಆಕಾರದ್ದು) ಇರಬೇಕು, ಹಳೇ ಯು ಶ್ಯಾಂಕ್ ಮಷೀನ್ ತಗೊಂಡರೆ ಬ್ಲೇಡಿಗೆ ಅಲೆಯಬೇಕಾಗುತ್ತೆ.

ಈಗಾಗಲೇ ಮೋಸ ಹೋದವರಿಗೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಬೇರೆ ಅವಧಿ ಬರೆದಿಲ್ಲದಿದ್ದರೆ, ದೋಷವಿರುವ ಮಾಲನ್ನು 30 ದಿನದೊಳಗೆ ವಾಪಸ್ ತಗೊಂಡು ಹಣ ಕೊಡಲು ಒಪ್ಪದಿರುವುದೂ ಅಷ್ಟೇ. ಯುಪಿಐ ರಸೀದಿ, ಎರಡು ಸೀರಿಯಲ್ ನಂಬರಿನ ಫೋಟೋ, ಬ್ರಷ್ ಫೋಟೋ, ಅಂಗಡಿಯವರ ವಾಟ್ಸ್‌ಆ್ಯಪ್ ಮೆಸೇಜು ಎಲ್ಲ ತೆಗೆದಿಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.