ಅಣ್ಣ ಇದ್ದು ನೋಡಿದ ಮೂರು ಜಾಗ

ಅವ್ವನ ವೈಕುಂಠ ಸಮಾರಾಧನೆಯ ಎಲೆ ಎತ್ತುವ ಮೊದಲೇ ನೆಂಟರು ಶುರು ಮಾಡಿದ್ದರು: 'ಇನ್ನು ಇವನನ್ನ ಎಲ್ಲಾದ್ರೂ ಬಿಡಬೇಕಲ್ಲಮ್ಮ.' ಅಣ್ಣನಿಗೆ ಸ್ಕಿಜೋಫ್ರೇನಿಯಾ, ಇಲ್ಲದ ದನಿಗಳು ಕೇಳಿಸುವ ಮಾನಸಿಕ ಕಾಯಿಲೆ. ಇಪ್ಪತ್ತಮೂರಕ್ಕೆ ಬಂದದ್ದು, ಈಗ ನಲವತ್ತಾರು. ಅವ್ವ ಇರುವಷ್ಟು ದಿನ ಮಾತ್ರೆ, ಊಟ, ಸ್ನಾನ ಎಲ್ಲ ಅವಳದೇ. ಆಮೇಲಿನ ನಾಲ್ಕು ವರ್ಷದಲ್ಲಿ ಬೆಂಗಳೂರಿನಲ್ಲಿ ಮೂರು ವ್ಯವಸ್ಥೆ ಮಾಡಿ ನೋಡಿದೆವು. ಅಲ್ಲಿ ಇದ್ದವನು ಅವನು, ದುಡ್ಡು ಕಟ್ಟಿದವಳು ನಾನು, ಹಾಗಾಗಿ ಇದು ತಂಗಿಯ ಲೆಕ್ಕ. ಅವನಿಗೆ ಓದಿ ಹೇಳಿದ್ದೇನೆ. ಎರಡು ಕಡೆ ತಿದ್ದಿಸಿದ.

ಮೊದಲನೆಯದು ಊರಾಚೆಯ ಖಾಸಗಿ ಆರೈಕೆ ಕೇಂದ್ರ. ತಿಂಗಳಿಗೆ 32 ಸಾವಿರ. ಫೋನ್ ಮಾಡಿದ ಮರುದಿನವೇ ಸೇರಿಸಿಕೊಂಡರು. ಆಗ ಅದೇ ದೊಡ್ಡ ಉಪಕಾರ ಅನಿಸಿತ್ತು. ಯಾರು, ಏನು, ಅವನಿಗೆ ಬರಲು ಇಷ್ಟವಿದೆಯಾ ಎಂದು ಒಂದೂ ಪ್ರಶ್ನೆ ಕೇಳಲಿಲ್ಲವಲ್ಲ ಎಂದು ಆಮೇಲೆ ಹೊಳೆಯಿತು. ನೆಲ ಫಳಫಳ, ಊಟ ಹೊತ್ತಿಗೆ ಸರಿಯಾಗಿ, ಮಾತ್ರೆ ಒಂದೂ ತಪ್ಪುತ್ತಿರಲಿಲ್ಲ. ಎರಡನೇ ತಿಂಗಳು ಹೋದಾಗ ಅಣ್ಣನ ತಲೆ ನುಣ್ಣಗೆ ಬೋಳಿಸಿತ್ತು. ಸಾಲಾಗಿ ಕೂತಿದ್ದ ಎಲ್ಲರದೂ. ಎಲ್ಲರಿಗೂ ಒಂದೇ ನೀಲಿ ಅಂಗಿ. 'ಹೇನು ಮೇಡಂ' ಅಂದರು. ಬಲವಂತವಾಗಿ ತಲೆ ಬೋಳಿಸಕೂಡದು, ಬಯಸಿದರೆ ಸ್ವಂತ ಬಟ್ಟೆ ಹಾಕಿಕೊಳ್ಳಲು ಬಿಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಬರೆದಿದೆ ಅಂತ ಅವತ್ತು ನನಗೆ ಗೊತ್ತಿರಲಿಲ್ಲ. ಇಂಥ ಜಾಗಕ್ಕೆ ಅದೇ ಕಾಯ್ದೆಯಡಿ ನೋಂದಣಿ ಇರಬೇಕು; ಆ ಪ್ರಮಾಣಪತ್ರ ತೋರಿಸಿ ಎಂದು ಕೇಳಲೂ ನನಗೆ ತೋಚಿರಲಿಲ್ಲ.

ಅಲ್ಲಿ ನಾಲ್ಕು ಗಂಟೆಗೆ ದೊಡ್ಡ ಡ್ರಮ್ಮಿನಿಂದ ಕಾಫಿ ಬರುತ್ತಿತ್ತು. ಕೂತಲ್ಲೇ ಲೋಟ ಚಾಚಬೇಕು. ಏಳು ತಿಂಗಳಲ್ಲಿ ಅಣ್ಣ ಒಂದು ಲೋಟ ತೊಳೆದಿರಲಿಲ್ಲ, ಗೇಟು ದಾಟಿರಲಿಲ್ಲ. ಕಾಯಿಲೆ ಸುಮ್ಮನಿತ್ತು, ಮನುಷ್ಯನೂ ಸುಮ್ಮನಿದ್ದ. (ಇಲ್ಲಿ ಅವನ ಮೊದಲ ತಿದ್ದುಪಡಿ: ಕ್ರಿಕೆಟ್ ನೋಡಲು ದೊಡ್ಡ ಟಿವಿ ಇದ್ದದ್ದು ಅಲ್ಲಿ ಮಾತ್ರ. ಸರಿ.)

ಕೊನೆಗೆ ದನಿಗಳು ಮತ್ತೆ ಜೋರಾಗಿ ಆಸ್ಪತ್ರೆ ಸೇರಿದ. ಡಾಕ್ಟರ್ ಕ್ಲೋಜಪಿನ್ ಎಂಬ ಮಾತ್ರೆ ಶುರು ಮಾಡಿದರು. ಅದರಿಂದ ಬಿಳಿ ರಕ್ತಕಣ ಇಳಿಯಬಹುದು, ಹಾಗಾಗಿ ಮೊದಲ 18 ವಾರ ಪ್ರತಿ ವಾರವೂ ರಕ್ತ ಪರೀಕ್ಷೆ. ಮುಂದಿನ ಜಾಗ ಹುಡುಕುವಾಗ ನನ್ನ ಮೊದಲ ಪ್ರಶ್ನೆ ಇದೇ ಆಯಿತು: ಲ್ಯಾಬಿಗೆ ಯಾರು ಕರೆದುಕೊಂಡು ಹೋಗ್ತೀರಿ?

ಎರಡನೆಯದು ಹಾಫ್‌ವೇ ಹೋಮ್, ಅಂದರೆ ಆಸ್ಪತ್ರೆಗೂ ಮನೆಗೂ ನಡುವೆ ಕೆಲಕಾಲ ಇದ್ದು ದಿನದ ಬದುಕು ಮತ್ತೆ ಕಲಿಯುವ ಮನೆ. ಈ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರೇ. ಇಂಥ ಮನೆ ನಡೆಸುವ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ 1964ರಿಂದ ಇದೆ, ರಿಚ್ಮಂಡ್ ಫೆಲೋಶಿಪ್ ಸೊಸೈಟಿ 1986ರಿಂದ. ನಮ್ಮ ಊರ ಕಡೆಯವರಿಗೆ ಈ ಪದವೇ ಹೊಸದು. ನಾವು ಸೇರಿಸಿದ ಕಡೆ ತಿಂಗಳಿಗೆ 18 ಸಾವಿರ, ಆದರೆ ಸೇರಿಸುವುದೇ ಒಂದು ಯಜ್ಞ. ಎರಡು ಸಂದರ್ಶನ, ಹತ್ತು ದಿನ ಪ್ರಾಯೋಗಿಕವಾಸ, ಎಲ್ಲಕ್ಕಿಂತ ಮೊದಲು ಅವನ ಒಪ್ಪಿಗೆ. ಮೂರು ತಿಂಗಳು ಕಾದೆವು. ಆ ಮೂರು ತಿಂಗಳು ಅವನು ನಮ್ಮ ಹಾಲ್‌ನಲ್ಲಿ ಮಲಗಿದ, ನಾನು ಸಂಬಳವಿಲ್ಲದ ರಜೆ ಹಾಕಿದೆ. ಅದನ್ನೂ ಖರ್ಚಿಗೆ ಸೇರಿಸಿ.

ಅಲ್ಲಿ ಕಾಫಿ ಸರದಿಯ ಮೇಲೆ. ಬೆಳಿಗ್ಗೆ ಎಲ್ಲರೂ ಸೇರಿ ಕೆಲಸ ಹಂಚಿಕೊಳ್ಳುವುದು, ತರಕಾರಿ ತರುವುದು, ಮಧ್ಯಾಹ್ನ ಕರಕುಶಲ. ಮೊದಲ ತಿಂಗಳು ದಿನಾ ಫೋನ್: 'ನನ್ನ ಹತ್ರ ಪಾತ್ರೆ ತೊಳೆಸ್ತಾರೆ, ಕರ್ಕೊಂಡು ಹೋಗು.' ಐದನೇ ತಿಂಗಳು ಸಿಬ್ಬಂದಿ ಜೊತೆ ಬಸ್ಸಿನಲ್ಲಿ ಲ್ಯಾಬಿಗೆ ಹೋಗಿಬಂದ. ಹತ್ತನೇ ತಿಂಗಳು ಒಬ್ಬನೇ. ನಾನು ನೋಡಿದ್ದರಲ್ಲಿ ಚಿಕಿತ್ಸೆ ಅಂತ ಕರೆಯಬಹುದಾದದ್ದು ಇದೊಂದೇ. ಕುಂದು ಅಂದರೆ ಗಡುವು. ಅರ್ಧ ದಾರಿಯ ಮನೆ, ಹೆಸರಲ್ಲೇ ಇದೆ. ಹದಿನಾಲ್ಕನೇ ತಿಂಗಳಿಗೆ 'ಇನ್ನು ಮುಂದಿನದು ಯೋಚಿಸಿ' ಅಂದರು. ಉಳಿದರ್ಧ ದಾರಿ ಎಲ್ಲಿದೆ ಸ್ವಾಮಿ? ಸರ್ಕಾರ, ಕೆಲವರು ಜೊತೆಯಾಗಿ ಇರುವ ಗ್ರೂಪ್ ಹೋಮ್‌ನಂಥವನ್ನು ಒದಗಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಾನು ಅಲೆದದ್ದಂತೂ ಕಾಯುವ ಪಟ್ಟಿಯಿಂದ ಪಟ್ಟಿಗೆ.

ಮೂರನೆಯದು ನಾವೇ ಕಟ್ಟಿಕೊಂಡದ್ದು. ಚೆನ್ನೈನ ದಿ ಬ್ಯಾನಿಯನ್ ಸಂಸ್ಥೆಯ 'ಹೋಮ್ ಅಗೇನ್' ಕೇಳಿ ಬಂದ ಧೈರ್ಯ. ಅವರು ಸಾಮಾನ್ಯ ಬೀದಿಯಲ್ಲೇ ಬಾಡಿಗೆ ಮನೆ ಹಿಡಿದು, ನಾಲ್ಕೈದು ಜನರನ್ನು ಸಹಾಯಕರೊಂದಿಗೆ ಇರಿಸುತ್ತಾರೆ. ಹಾಫ್‌ವೇ ಹೋಮಿನಲ್ಲಿ ಅಣ್ಣನ ಜೊತೆಗಿದ್ದವರೊಬ್ಬರ ಮನೆಯವರೂ ನಾವೂ ಸೇರಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಮನೆ ಹುಡುಕಿದೆವು. ನಿಜ ಹೇಳಿದ್ದಕ್ಕೆ ಮೂರು ಮನೆ ತಪ್ಪಿತು. ನಾಲ್ಕನೆಯ ಮಾಲೀಕರು ಕರಾರು ನಿಮ್ಮ ಹೆಸರಲ್ಲಿರಲಿ, ಎರಡು ತಿಂಗಳ ಅಡ್ವಾನ್ಸ್ ಜಾಸ್ತಿ ಕೊಡಿ ಅಂದರು. ಕೊಟ್ಟೆವು. ಬಾಡಿಗೆ, ಕೇರ್‌ಟೇಕರ್, ದಿನಸಿ, ಹಗಲು ಹೊತ್ತು ಅವನು ಹೋಗುವ ಡೇ ಕೇರ್ ಎಲ್ಲ ಸೇರಿ ನಮ್ಮ ಪಾಲು ತಿಂಗಳಿಗೆ ಸುಮಾರು 27 ಸಾವಿರ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಸಿಗುತ್ತದೆ ಎಂದು ಯಾರೋ ಹೇಳಿ ಒಂದು ದಿನ ಓಡಾಡಿದೆ. ಆ ಟ್ರಸ್ಟಿನ 1999ರ ಕಾಯ್ದೆ ಆಟಿಸಂ, ಬುದ್ಧಿಮಾಂದ್ಯತೆ ಇಂಥವಕ್ಕೆ, ಸ್ಕಿಜೋಫ್ರೇನಿಯಾಕ್ಕಲ್ಲ.

ಸುಲಭ ಅಂತ ಹೇಳಲಾರೆ. ಯುಗಾದಿಗೆ ಊರಿಗೆ ಹೋದ ಕೇರ್‌ಟೇಕರ್ ಹತ್ತು ದಿನ ಬರಲಿಲ್ಲ. ಅಣ್ಣ ಮಾತ್ರೆ ನುಂಗಿದಂತೆ ಮಾಡಿ ಉಗಿದದ್ದು ನನಗೆ ಗೊತ್ತಾಗುವಷ್ಟರಲ್ಲಿ ರಾತ್ರಿಯೆಲ್ಲ ಗೋಡೆಯ ಜೊತೆ ಮಾತು ಶುರುವಾಗಿತ್ತು. ಆರೋಗ್ಯವಾಗಿದ್ದಾಗಲೇ ನನ್ನನ್ನು ತನ್ನ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಚಿಕಿತ್ಸೆಯ ವಿಷಯದಲ್ಲಿ ತನ್ನ ಪರವಾಗಿ ನಿಲ್ಲುವವಳು ಎಂದು ಬರೆದುಕೊಟ್ಟಿದ್ದ. ಆ ಒಂದು ಹಾಳೆಯಿಂದ ಆಸ್ಪತ್ರೆಯಲ್ಲಿ ದಾಖಲಾತಿ ಗೋಜಲಾಗಲಿಲ್ಲ. ಹದಿನೆಂಟು ದಿನಕ್ಕೆ ಮನೆಗೆ ಬಂದ. ಕ್ಲೋಜಪಿನ್ ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೇ ಡೋಸಿಗೆ ನೇರ ಹೋಗುವಂತಿಲ್ಲ, ಮತ್ತೆ ಸಣ್ಣ ಡೋಸಿನಿಂದ ಏರಿಸಬೇಕು ಎಂದು ಡಾಕ್ಟರ್ ಹೇಳಿದ್ದು ಆಗಲೇ.

ಈಗಷ್ಟೇ ಆಸ್ಪತ್ರೆಯಿಂದ ಹೊರಬಂದವರಿಗೆ ಬಾಡಿಗೆ ಮನೆ ಬೇಡ, ಮೊದಲು ಹಾಫ್‌ವೇ ಹೋಮ್. ಒಂದು ವರ್ಷ ಅಲ್ಲಿ ಕಲಿಯದೆ ಅಣ್ಣ ಈ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಮನೆಯವರು ಯಾರೂ ಹತ್ತಿರ ಇಲ್ಲದಿದ್ದರೆ ಮೂರನೆಯದನ್ನು ಮರೆತುಬಿಡಿ, ಕೇರ್‌ಟೇಕರ್ ಕೈಕೊಟ್ಟ ದಿನ ನೀವೇ ಓಡಬೇಕು. ಊರಾಚೆಯ ಕೇಂದ್ರಕ್ಕೆ ಅನಿವಾರ್ಯವಾಗಿ ಹೋಗಲೇಬೇಕಾದರೆ ಹೇಳದೆ ಕೇಳದೆ ನಾಲ್ಕು ಗಂಟೆಗೆ ಹೋಗಿ, ಕಾಫಿ ಯಾರು ಮಾಡುತ್ತಾರೆ ನೋಡಿ.

ಅಣ್ಣ ಈಗ ತಾನೇ ಮಾಡುತ್ತಾನೆ. ಡೇ ಕೇರ್‌ನಿಂದ ಬಂದ ಕೂಡಲೇ ಹಾಲು ಕಾಯಿಸಿ, ಕೇರ್‌ಟೇಕರ್‌ಗೂ ಒಂದು ಲೋಟ. ಶುಗರ್ ಗಡಿಯಲ್ಲಿದೆ, ಸಕ್ಕರೆ ಅರ್ಧ ಚಮಚ ಸಾಕು ಅಂದಿದ್ದೆ. ಒಂದೂವರೆ ಹಾಕುತ್ತಾನೆ. ಇದನ್ನು ಓದಿದಾಗ ಎರಡನೇ ತಿದ್ದುಪಡಿ ಹೇಳಿದ: 'ಒಂದೂವರೆ ಅಲ್ಲ, ಒಂದು.'