ಗಿಟಾರ್ ಪಿಕಪ್ ಬದಲಿಸಲು ಕೊಡುವ ಮೊದಲು ಇದನ್ನೊಮ್ಮೆ ಓದಿ

ಹತ್ತು ನಿಮಿಷದ ಕೆಲಸಕ್ಕೆ ನಾನು ಆರು ತಿಂಗಳು ಅಲೆದೆ. ಗಿಟಾರ್ ಹೊತ್ತುಕೊಂಡು ಕಟಪಾಡಿಯಿಂದ ಮಂಗಳೂರಿಗೆ ಐದು ಸಲ ಹೋಗಿ ಬಂದೆ. ಮನೆಯಂಗಳದ ಮುರಕಲ್ಲು ಅಗೆಸಿ ಗುಂಡಿ ತೋಡಿಸಿದೆ. ಭಾವನೊಡನೆ ಜಗಳ ಮಾಡಿಕೊಂಡೆ. ಕೊನೆಗೆ ಸಿಕ್ಕಿದ ತಪ್ಪು ಎಂತದ್ದು ಗೊತ್ತಾ? ಎರಡು ವಯರ್‌ಗಳ ಬಣ್ಣ.

ನಾನು ಒಂದು ರಸಮಂಜರಿ ತಂಡದಲ್ಲಿ ಗಿಟಾರ್ ನುಡಿಸುತ್ತೇನೆ. ಹಗಲು ಬೇರೆ ಕೆಲಸ, ಸೀಸನ್ ಬಂದರೆ ಮದುವೆ, ಜಾತ್ರೆ, ಯುವಕ ಮಂಡಲದ ವಾರ್ಷಿಕೋತ್ಸವ. ಎಲೆಕ್ಟ್ರಿಕ್ ಗಿಟಾರ್, ಇಂಡೋನೇಷ್ಯಾದಲ್ಲಿ ಮಾಡಿದ್ದು, ಎರಡು ಹಂಬಕರ್ ಇರುವಂಥದ್ದು. ತಂತಿಯ ಅದುರನ್ನು ಹಿಡಿದು ಆಂಪ್‌ಗೆ ಕಳಿಸುವ ಭಾಗವೇ ಪಿಕಪ್. ಅದರಲ್ಲಿ ಎರಡು ಕಾಯಿಲ್, ಅಂದರೆ ತಾಮ್ರದ ಸುರುಳಿ, ಇದ್ದರೆ ಹಂಬಕರ್. ಮರ ಚೆನ್ನಾಗಿದೆ, ಕತ್ತು ಚೆನ್ನಾಗಿದೆ. ಬ್ರಿಡ್ಜ್ (ತಂತಿಗಳು ಕೂರುವ ಕೆಳಗಿನ ಕಟ್ಟೆ) ಕಡೆಯ ಪಿಕಪ್ ಮಾತ್ರ ಮಂಕು. ಕೀಬೋರ್ಡ್, ಪ್ಯಾಡ್ ಎಲ್ಲ ಶುರುವಾದ ಮೇಲೆ ನನ್ನ ಗಿಟಾರ್ ನನಗೇ ಕೇಳುತ್ತಿರಲಿಲ್ಲ.

ಮೊದಲ ತಪ್ಪು ನನ್ನದೇ. ಕಿಲೋಓಮ್ (ವಯರ್‌ನ ರೆಸಿಸ್ಟೆನ್ಸ್) ಜಾಸ್ತಿ ಇದ್ದಷ್ಟು ಪಿಕಪ್ ಜೋರು ಎಂದು ನಂಬಿದ್ದೆ. ಹಳೆಯ ಮಾದರಿಯ ಹಂಬಕರ್ ಸುಮಾರು 7.5ರಿಂದ 8.5 ಕಿಲೋಓಮ್ ಇರುತ್ತದೆ. ಫೆಂಡರ್ ಸ್ಟ್ರಾಟ್ ಗಿಟಾರ್‌ನ ಸಿಂಗಲ್ ಕಾಯಿಲ್ 6ರ ಆಸುಪಾಸು. ಜೋರಿನ ಪಿಕಪ್‌ಗಳು 13, 16 ಹೀಗೆ ಹೋಗುತ್ತವೆ. ಆದರೆ ಆ ಅಂಕಿ ಹೇಳುವುದು ಒಳಗಿನ ತಾಮ್ರದ ವಯರ್ ಎಷ್ಟು ಉದ್ದ, ಎಷ್ಟು ಸಪೂರ ಎಂಬುದನ್ನು ಮಾತ್ರ. ಅಷ್ಟೇ ಸುತ್ತನ್ನು 42ನೇ ಗೇಜ್ ಬಿಟ್ಟು ಇನ್ನೂ ಸಪೂರದ 44ರಲ್ಲಿ ಸುತ್ತಿದರೆ ಓಮ್ ಏರುತ್ತದೆ, ಜೋರು ಏರುವುದಿಲ್ಲ. ಅಯಸ್ಕಾಂತ ಅಲ್ನಿಕೋ ಎರಡೋ ಐದೋ ಸೆರಾಮಿಕ್ಕೋ, ಅದೂ ಲೆಕ್ಕಕ್ಕೆ ಬರುತ್ತದೆ. ಸುತ್ತು ಏರಿಸುತ್ತ ಹೋದರೆ ಜೋರು ಬಂದೀತು, ಆದರೆ ಮೇಲಿನ ಚೂಪು ದನಿ ಕರಗುತ್ತದೆ. ಇದನ್ನೆಲ್ಲ ತಿಳಿದದ್ದು ಆಮೇಲೆ. ಆಗ ನಾನು ಅಂಕಿ ನೋಡಿ ಡಿಮಾರ್ಜಿಯೋ ಕಂಪೆನಿಯ ಸೂಪರ್ ಡಿಸ್ಟಾರ್ಷನ್ ಆರಿಸಿದೆ. 1970ರ ದಶಕದ ಶುರುವಿನಿಂದ ಇರುವ ಪಿಕಪ್ ಅದು, 13.7 ಕಿಲೋಓಮ್‌ನದು. ಕಣ್ಣು ಮುಚ್ಚಿ ಆರಿಸಿದ್ದರೂ ಪಿಕಪ್ ಒಳ್ಳೆಯದೇ. ಬೆಂಗಳೂರಿನಲ್ಲಿರುವ ಭಾವ ತಂದುಕೊಟ್ಟ.

ಇನ್ನೊಂದು, ಕೊಳ್ಳುವ ಮುಂಚೆ ಸ್ಕೇಲ್ ಹಿಡಿದು ಅಳೆಯಿರಿ. ಬ್ರಿಡ್ಜ್ ಹತ್ತಿರ ಮೊದಲ ತಂತಿಯಿಂದ ಆರನೆಯ ತಂತಿಗೆ ಎಷ್ಟು ಮಿಲಿಮೀಟರ್ ಎಂದು. ಗಿಬ್ಸನ್ ಅಳತೆಯ ಪಿಕಪ್‌ನಲ್ಲಿ ಅದು 49ರ ಹತ್ತಿರ, ಟ್ರೆಮೊಲೊ ಬ್ರಿಡ್ಜ್ ಇರುವ ಗಿಟಾರ್‌ಗಳಲ್ಲಿ ತಂತಿಗಳು ಇನ್ನೂ ಎರಡು ಮೂರು ಮಿಲಿಮೀಟರ್ ಅಗಲವಾಗಿ ಹೋಗುತ್ತವೆ. ಅದಕ್ಕೆ ಎಫ್ ಸ್ಪೇಸ್ ಎಂಬ ಮಾದರಿಯೇ ಬರುತ್ತದೆ. ನಾನು ತರಿಸಿದ್ದು ಕಿರಿದಾದದ್ದು. ಕಿವಿಗೆ ದೊಡ್ಡ ವ್ಯತ್ಯಾಸವೇನಿಲ್ಲ, ಕಣ್ಣಿಗೆ ಮಾತ್ರ ಇವತ್ತಿಗೂ ಕಿರಿಕಿರಿ.

ಫೆಬ್ರವರಿಯಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಒಂದು ಅಂಗಡಿಗೆ ಕೊಟ್ಟೆ. ಹೆಸರು ಬರೆಯುವುದಿಲ್ಲ. ಹೆಸರಿಗಿಂತ ಅಲ್ಲಿ ನಡೆದದ್ದು ಮುಖ್ಯ, ಇಂಥದ್ದು ಎಲ್ಲಿ ಬೇಕಾದರೂ ನಡೆಯಬಹುದು. ಸಂಜೆ ಗಿಟಾರ್ ಕೈಗೆ ಬಂತು. ಅಂಗಡಿಯ ಚಿಕ್ಕ ಆಂಪ್‌ನಲ್ಲಿ ದನಿ ಒಡೆಸುವ ಡಿಸ್ಟಾರ್ಷನ್ ಹಾಕಿ ಕೇಳಿಸಿದರು. ಆ ಗದ್ದಲದಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ ಅಲ್ವಾ? ಮನೆಗೆ ಬಂದು ಕ್ಲೀನ್ ದನಿಯಲ್ಲಿ ನುಡಿಸಿದೆ. ತಗಡಿನ ಡಬ್ಬಿ ಬಡಿದ ಹಾಗೆ. ದಪ್ಪ ತಂತಿಯಲ್ಲಿ ಹೊಟ್ಟೆಯೇ ಇಲ್ಲ. ಮೇಲೆ ಗುಂಯ್ ಎಂಬ ಸದ್ದು, ಹಳೆಯ ಪಿಕಪ್‌ನಲ್ಲಿ ಇಲ್ಲದ್ದು.

ಫೋನ್ ಮಾಡಿದರೆ, ‘ಹೊಸ ಪಿಕಪ್ ಅಲ್ವಾ ಸರ್, ಸ್ವಲ್ಪ ನುಡಿಸಿ, ಸೆಟ್ ಆಗ್ತದೆ’ ಎಂದರು. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ತಾಮ್ರ. ಅದು ಹೊಸ ಚಪ್ಪಲಿಯಲ್ಲ, ನುಡಿಸಿ ನುಡಿಸಿ ಹದಕ್ಕೆ ಬರಲು. ಆದರೂ ಒಂದು ತಿಂಗಳು ನುಡಿಸಿದೆ.

ಎರಡನೆಯ ಸಲ ಹೋದಾಗ, ‘ನಿಮ್ಮ ಮನೆಯ ಅರ್ಥಿಂಗ್ ಸರಿ ಇಲ್ಲ, ಇಲ್ಲಿ ಸದ್ದು ಬರುವುದಿಲ್ಲ ನೋಡಿ’ ಎಂದರು. ನಮ್ಮದು ಹಂಚಿನ ಮನೆ, ಹಳೆಯ ವಯರಿಂಗ್, ಎರಡು ಪಿನ್‌ನ ಸಾಕೆಟ್. ನಂಬುವ ಹಾಗೆಯೇ ಇತ್ತು. ಮೇ ತಿಂಗಳ ಬಿಸಿಲಿನಲ್ಲಿ ಎಲೆಕ್ಟ್ರಿಷಿಯನ್ ಕರೆಸಿ, ಅಂಗಳ ಅಗೆಸಿ, ಉಪ್ಪು ಇದ್ದಿಲು ತುಂಬಿಸಿ ಪೈಪ್ ಇಳಿಸಿದ್ದಾಯಿತು. ಗಿಟಾರ್ ಮೊದಲಿನ ಹಾಗೆಯೇ ಗುಂಯ್‌ಗುಟ್ಟಿತು. ಆ ದುಡ್ಡು ದಂಡವಾಯಿತು ಎಂದು ಹೇಳುವುದಿಲ್ಲ. ಗಿಟಾರ್‌ನ ತಂತಿಗಳು ಆಂಪ್‌ನ ಅರ್ಥ್‌ಗೆ ಸೇರಿರುತ್ತವೆ. ಅರ್ಥಿಂಗ್ ಇಲ್ಲದ ಕಡೆ ಕೈ ತಂತಿಯ ಮೇಲೆ, ತುಟಿ ಮೈಕ್‌ಗೆ ತಾಗಿ ಶಾಕ್ ಹೊಡೆಸಿಕೊಂಡವರು ನಮ್ಮ ತಂಡದಲ್ಲೇ ಇದ್ದಾರೆ. ಮೂರನೆಯ ಪಿನ್ ಕಿತ್ತು ಹಾಕುವ ಬುದ್ಧಿವಂತಿಕೆ ಮಾತ್ರ ಯಾರೂ ಮಾಡಬೇಡಿ.

ಅರ್ಥಿಂಗ್ ತಪ್ಪೋ ಪಿಕಪ್ ತಪ್ಪೋ ಎಂದು ಗುಂಡಿ ತೋಡದೆಯೇ ನೋಡಬಹುದಿತ್ತು. ಕುರ್ಚಿಯಲ್ಲಿ ಕೂತು ಗಿಟಾರ್ ಹಿಡಿದುಕೊಂಡು ನಿಧಾನಕ್ಕೆ ಸುತ್ತ ತಿರುಗಿ. ಸದ್ದು ಒಂದು ದಿಕ್ಕಿನಲ್ಲಿ ಏರಿ, ಇನ್ನೊಂದರಲ್ಲಿ ಇಳಿದರೆ ಅದು ಕಾಯಿಲ್ ಹಿಡಿಯುತ್ತಿರುವ ಸದ್ದು. ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟ್ ಚೋಕ್ ಇಂಥವುಗಳಿಂದ ಬರುವ 50 ಹರ್ಟ್ಸ್‌ನ ಗುಂಯ್. ಸಿಂಗಲ್ ಕಾಯಿಲ್‌ನಲ್ಲಿ ಅದು ಇದ್ದದ್ದೇ. ಹಂಬಕರ್‌ನಲ್ಲಿ ಜೋರಾಗಿ ಬಂದರೆ ಒಳಗೆ ಏನೋ ಎಡವಟ್ಟಾಗಿದೆ. ಹಾಗಲ್ಲದೆ ತಂತಿ ಮುಟ್ಟಿದೊಡನೆ ಸದ್ದು ಕಮ್ಮಿಯಾದರೆ ಬ್ರಿಡ್ಜ್‌ಗೆ ಹೋಗುವ ಗ್ರೌಂಡ್ ವಯರ್ ಸರಿಯಿದೆ. ಮುಟ್ಟಿದರೂ ಬದಲಾಗದಿದ್ದರೆ ಆ ವಯರ್ ಕಿತ್ತಿರಬಹುದು. ಮುಟ್ಟಿದಾಗ ಜಾಸ್ತಿಯಾದರೆ ಜಾಕ್‌ನ (ಕೇಬಲ್ ಸಿಕ್ಕಿಸುವ ತೂತಿನ) ಎರಡು ವಯರ್ ಅದಲು ಬದಲಾಗಿರಬಹುದು. ನನ್ನದು ಮುಟ್ಟಿದರೆ ತುಸು ಕಮ್ಮಿಯಾಗುತ್ತಿತ್ತು, ತಿರುಗಿದರೆ ಮಾತ್ರ ಏರಿ ಇಳಿಯುತ್ತಿತ್ತು.

ಮೂರನೆಯ ಸಲ ಅಂಗಡಿಯವರು, ‘ಪಾಟ್ ಬದಲಿಸಿ ಚೂಪು ಕಮ್ಮಿ ಮಾಡುವ’ ಎಂದು 500ಕೆ (ಕಿಲೋಓಮ್) ಇದ್ದ ಕಡೆ 250ಕೆ ಹಾಕಿದರು. ಪಾಟ್ ಎಂದರೆ ವಾಲ್ಯೂಮ್ ನಾಬ್‌ನ ಕೆಳಗಿರುವ ಬಿಡಿಭಾಗ. 250 ಸಾಮಾನ್ಯವಾಗಿ ಸಿಂಗಲ್ ಕಾಯಿಲ್‌ಗೆ ಹಾಕುವುದು, ಹಂಬಕರ್‌ಗೆ 500. ಚೂಪು ಕಮ್ಮಿಯೇನೋ ಆಯಿತು. ತಗಡಿನ ಡಬ್ಬಿಗೆ ಕಂಬಳಿ ಹೊದಿಸಿದ ಹಾಗೆ.

ಅಷ್ಟರಲ್ಲಿ ಮಳೆಗಾಲ. ಪ್ಲಾಸ್ಟಿಕ್ ಸುತ್ತಿದ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ನಾಲ್ಕನೆಯ ಸಲ ಹೋದೆ. ಅವರು ಮಲ್ಟಿಮೀಟರ್ ತೆಗೆದರು. ಗಿಟಾರ್‌ಗೆ ಕೇಬಲ್ ಸಿಕ್ಕಿಸಿ ಅದರ ಇನ್ನೊಂದು ತುದಿಯಲ್ಲಿ ಅಳೆದರು. 12.9 ಬಂತು. ‘ಕಂಪೆನಿ ಹೇಳುವುದು 13.7. ಇದು ಡುಪ್ಲಿಕೇಟ್ ಮಾರಾಯ್ರೆ, ಯಾರು ಕೊಟ್ಟದ್ದು ನಿಮಗೆ?’ ನಾನು ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಹೇಳಿದೆ. ಅವನು ಬಿಲ್ಲಿನ ಫೋಟೊ ಕಳಿಸಿ ಸುಮ್ಮನಾದ. ಒಂದು ತಿಂಗಳು ಮಾತಿಲ್ಲ. ಅಕ್ಕ ನಡುವೆ ಸಿಕ್ಕಿ ಒದ್ದಾಡಿದಳು.

ಊರಿನಲ್ಲಿ ರೇಡಿಯೊ, ಟಿವಿ ರಿಪೇರಿ ಮಾಡುತ್ತಿದ್ದ ಮಾಮ ಒಬ್ಬರಿದ್ದಾರೆ. ಈಗ ಮನೆಯಲ್ಲೇ ಕೂತು ಹಳೆಯ ಆಂಪ್ಲಿಫೈಯರ್ ಬಿಚ್ಚುತ್ತಿರುತ್ತಾರೆ. ವಿಟ್ಲಪಿಂಡಿಯ (ಕೃಷ್ಣಾಷ್ಟಮಿಯ ಮರುದಿನದ ಮೊಸರುಕುಡಿಕೆ) ಕಾರ್ಯಕ್ರಮ ಹತ್ತಿರ ಬಂದಿತ್ತು. ಬೇರೆ ದಾರಿ ಕಾಣದೆ ಅವರ ಹತ್ತಿರ ಹೋದೆ. ಗಿಟಾರ್ ಪಿಕಪ್ ಅವರು ಮೊದಲು ನೋಡಿದವರೇ ಅಲ್ಲ. ಒಂದು ನಿಮಿಷ ಕೇಳಿ, ‘ಎಂತ ಮಾರಾಯ, ಒಂದು ಸ್ಪೀಕರ್ ಪ್ಲಸ್ ಮೈನಸ್ ಉಲ್ಟಾ ಕೊಟ್ಟ ಹಾಗೆ ಕೇಳ್ತದೆ’ ಎಂದರು.

12.9ರ ಗುಟ್ಟನ್ನು ಮೊದಲು ಬಿಡಿಸಿದರು. ಕೇಬಲ್ ತುದಿಯಲ್ಲಿ ಅಳೆದರೆ ಪಿಕಪ್ ಒಂದೇ ಅಲ್ಲ, ಅದಕ್ಕೆ ಪ್ಯಾರಲಲ್ ಆಗಿ ವಾಲ್ಯೂಮ್ ಪಾಟ್ ಕೂಡ ಮೀಟರ್‌ಗೆ ಕಾಣುತ್ತದೆ. 13.7ರ ಜೊತೆ 250 ಪ್ಯಾರಲಲ್ ಇದ್ದರೆ 13ರ ಹತ್ತಿರ ಬರಬೇಕು. ಬಂದಿದೆ. 500ರ ಪಾಟ್ ಇದ್ದಿದ್ದರೆ 13.3 ಬರುತ್ತಿತ್ತು. ವಾಲ್ಯೂಮ್ ಪೂರ್ತಿ ತೆರೆದಿರಬೇಕು, ಅಷ್ಟೆ. ಅಂದರೆ ಪಿಕಪ್ ಮೇಲೆ ಅನುಮಾನ ಪಡಲು ಕಾರಣವೇ ಇರಲಿಲ್ಲ. ಆ ಕ್ಷಣ ಭಾವನ ನೆನಪಾಗಿ ಹೊಟ್ಟೆಯೊಳಗೆ ಹೇಗೋ ಆಯಿತು.

ಆಮೇಲೆ ಪಿಕಪ್ ಬಿಚ್ಚಿ, ಹಳೆಯ ಮುಳ್ಳಿನ ಮೀಟರ್ ತೆಗೆದು ಅತಿ ಚಿಕ್ಕ ಡಿಸಿ ರೇಂಜ್‌ಗೆ ಇಟ್ಟರು. ಒಂದು ಕಾಯಿಲ್‌ನ ಕಬ್ಬಿಣದ ಮೇಲೆ ಸ್ಕ್ರೂಡ್ರೈವರ್ ಇಟ್ಟು ಪಟ್ಟನೆ ಎತ್ತಿದರು. ಮುಳ್ಳು ಬಲಕ್ಕೆ ಜಿಗಿಯಿತು. ಇನ್ನೊಂದು ಕಾಯಿಲ್ ಮೇಲೆ ಇಟ್ಟು ಎತ್ತಿದರು. ಎಡಕ್ಕೆ. ಸರಿಯಿದ್ದರೆ ಎರಡೂ ಒಂದೇ ಕಡೆಗೆ ಹೋಗಬೇಕು.

ಹಂಬಕರ್‌ನ ಎರಡು ಕಾಯಿಲ್‌ಗಳಲ್ಲಿ ಸುತ್ತೂ ಉಲ್ಟಾ, ಅಯಸ್ಕಾಂತದ ಮುಖವೂ ಉಲ್ಟಾ. ಎರಡು ಸಲ ಉಲ್ಟಾ ಆದ್ದರಿಂದ ತಂತಿಯ ದನಿ ಕೂಡುತ್ತದೆ. ಹೊರಗಿನ ಗುಂಯ್‌ಗೆ ಅಯಸ್ಕಾಂತದ ಹಂಗಿಲ್ಲ, ಅದು ಒಂದೇ ಸಲ ಉಲ್ಟಾ ಆಗಿ ಕಳೆದುಹೋಗುತ್ತದೆ. ಗಿಬ್ಸನ್‌ನಲ್ಲಿ ಸೇತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಹಾಕಿದ ಉಪಾಯ ಇದೇ. ನನ್ನ ಗಿಟಾರ್‌ನಲ್ಲಿ ಒಂದು ಕಾಯಿಲ್ ತಿರುಗಿ ಕೂತಿತ್ತು. ದನಿ ಕಳೆಯುತ್ತಿತ್ತು, ಗುಂಯ್ ಕೂಡುತ್ತಿತ್ತು. ಓಮ್ ಮಾತ್ರ ಒಂದಿಷ್ಟೂ ಬದಲಾಗುವುದಿಲ್ಲ. ಕಾಯಿಲ್ ಯಾವ ಕಡೆಯಿಂದ ಅಳೆದರೂ ಅಷ್ಟೇ ತಾನೇ? ಮೀಟರ್‌ನಲ್ಲಿ ಸರಿ ಬಂದರೆ ವಯರಿಂಗ್ ಸರಿ ಎಂದು ಯಾರಾದರೂ ಹೇಳಿದರೆ ಅದಕ್ಕೇ ನಂಬಬೇಡಿ.

ಇಷ್ಟಕ್ಕೆ ಕಾರಣ ಬಣ್ಣ. ಸೀಮೋರ್ ಡಂಕನ್ ಕಂಪೆನಿಯ ಪಿಕಪ್‌ನಲ್ಲಿ ಕಪ್ಪು ವಯರ್ ಹಾಟ್ (ದನಿ ಹೊತ್ತು ಹೋಗುವುದು), ಕೆಂಪು ಬಿಳಿ ಎರಡನ್ನೂ ಒಟ್ಟಿಗೆ ಬೆಸೆದು ಟೇಪ್ ಸುತ್ತಬೇಕು, ಹಸಿರು ಮತ್ತು ಬರಿಯ ವಯರ್ ಗ್ರೌಂಡ್‌ಗೆ. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಕಪ್ಪು ಬಿಳಿ ಒಟ್ಟಿಗೆ, ಹಸಿರು ಮತ್ತು ಬರಿಯ ವಯರ್ ಗ್ರೌಂಡ್‌ಗೆ. ಬಣ್ಣಗಳು ಅವೇ, ಕೆಲಸ ಬೇರೆ. ಅಂಗಡಿಯವರು ಡಿಮಾರ್ಜಿಯೋವನ್ನು ಡಂಕನ್‌ನ ಹಾಗೆ ಜೋಡಿಸಿದ್ದರು. ಕೆಂಪು ಕಪ್ಪು ಅದಲು ಬದಲಾದರೆ ಸರಿಯಾಗಿ ಒಂದು ಕಾಯಿಲ್ ತಿರುಗುತ್ತದೆ. ಬೇರೆ ಕಂಪೆನಿಗಳ ಬಣ್ಣ ಇನ್ನೂ ಬೇರೆ ಇರುತ್ತದೆ. ಡಬ್ಬದೊಳಗಿನ ಚೀಟಿ ಬಿಸಾಡಬೇಡಿ.

ಮಾಮ ಎರಡು ವಯರ್ ಬದಲಿಸಿದರು. ಅದು ಹತ್ತು ನಿಮಿಷ. ಉಳಿದದ್ದಕ್ಕೆ ಮಧ್ಯಾಹ್ನ ಪೂರ್ತಿ ಹೋಯಿತು. ಅಂಗಡಿಯಲ್ಲಿ ಪಿಕಪ್‌ನ ಉದ್ದನೆಯ ಕೇಬಲ್ಲನ್ನು ನಾಲ್ಕು ಇಂಚಿಗೆ ಕತ್ತರಿಸಿಬಿಟ್ಟಿದ್ದರು. ಸಪೂರ ವಯರ್ ಜೋಡಿಸಿ, ಸ್ಲೀವ್ ಹಾಕಿ ಉದ್ದ ಮಾಡಬೇಕಾಯಿತು. ಪಾಟ್‌ನ ಬೆನ್ನಿಗೆ ಬೆಸೆದ ಗ್ರೌಂಡ್ ಬೂದು ಬಣ್ಣದ ಉಂಡೆಯಾಗಿ ಕೂತಿತ್ತು, ಉಗುರಿನಲ್ಲಿ ಮೀಟಿದರೆ ಕಿತ್ತು ಬಂತು. ಪಾಟ್‌ನ ಬೆನ್ನು ಕಾಯಲು 25 ವಾಟ್‌ನ ಐರನ್ ಸಾಲುವುದಿಲ್ಲ. ಮಾಮ ಬೆನ್ನನ್ನು ಉಪ್ಪುಕಾಗದದಲ್ಲಿ ಉಜ್ಜಿ, 60 ವಾಟ್‌ನ ಐರನ್ ಎರಡು ಮೂರು ಸೆಕೆಂಡ್ ಇಟ್ಟು ತೆಗೆದರು. ಹೊಳೆಯುವ ಹಾಗೆ ಹರಡಿ ಕೂತಿತು. 500ಕೆ ಪಾಟ್ ಪುನಃ ಹಾಕಿದೆವು.

ದನಿ ಬಂತು. ಗೋಡೆಯ ಕ್ಯಾಲೆಂಡರ್ ಅದುರುವಷ್ಟು. ಗುಂಯ್ ಇಲ್ಲ. ನಾನು ಕುಣಿಯಲು ಶುರು ಮಾಡುವ ಮೊದಲೇ ಮಾಮ, ‘ಸ್ವಿಚ್ ನಡುವಿಗೆ ಹಾಕು’ ಎಂದರು. ಹಾಕಿದರೆ ಮತ್ತೆ ತಗಡು! ಕತ್ತಿನ ಕಡೆಯ ಹಳೆಯ ಪಿಕಪ್ ಬೇರೆ ಕಂಪೆನಿಯದು. ಒಂದೊಂದೇ ನುಡಿಸಿದರೆ ಸರಿ, ಎರಡೂ ಸೇರಿದಾಗ ಒಂದಕ್ಕೊಂದು ಎದುರು. ಈ ಸಲ ಹೊಸ ಪಿಕಪ್‌ನ ಕೆಂಪು ಹಸಿರು ಅದಲು ಬದಲು ಮಾಡಿದರು. ಹಸಿರು ಹಾಟ್‌ಗೆ, ಕೆಂಪು ಗ್ರೌಂಡ್‌ಗೆ, ಬರಿಯ ವಯರ್ ಮಾತ್ರ ಗ್ರೌಂಡ್‌ನಲ್ಲೇ. ನಾಲ್ಕು ವಯರ್ ಇರುವ ಪಿಕಪ್ ಆದ್ದರಿಂದ ಇದು ಸಾಧ್ಯ. ಹೆಣೆದ ಲೋಹದ ಕವಚದೊಳಗೆ ಒಂದೇ ವಯರ್ ಇರುವ ಹಳೆಯ ಮಾದರಿಯಲ್ಲಿ ಹೀಗೆ ತಿರುಗಿಸಿದರೆ ಹೊರಗಿನ ಕವಚವೇ ಹಾಟ್ ಆಗಿ ಮುಟ್ಟಿದಲ್ಲೆಲ್ಲ ಸದ್ದು.

ಮಾಮ ದುಡ್ಡು ಬೇಡವೆಂದರು. ಹಳೆಯ ಅಂಗಡಿಗೆ ಕೊಟ್ಟದ್ದು, ಪಾಟ್, ಬಸ್ಸು ಎಲ್ಲ ಸೇರಿ ಸಾವಿರದ ಎಂಟುನೂರು ದಾಟಿತ್ತು, ಅರ್ಥಿಂಗ್ ಬಿಟ್ಟು.

ನೀವು ಕೊಡುವಾಗ ಇಷ್ಟು ಕೇಳಿ. ಯಾವ ಕಂಪೆನಿಯ ಬಣ್ಣದ ಚೀಟಿ ನೋಡಿ ಜೋಡಿಸುತ್ತೀರಿ ಎಂದು. ಬಿಚ್ಚುವ ಮೊದಲು ಒಳಗಿನ ವಯರಿಂಗ್‌ನ ಫೋಟೊ ನೀವೇ ತೆಗೆದಿಟ್ಟುಕೊಳ್ಳಿ. ಕೇಬಲ್ ಕತ್ತರಿಸಬೇಡಿ, ಸುತ್ತಿ ಒಳಗಿಡಿ ಎಂದು ಹೇಳಿ. ವಾಪಸ್ ತರುವಾಗ ಡಿಸ್ಟಾರ್ಷನ್ ಇಲ್ಲದೆ, ಸ್ವಿಚ್‌ನ ಎಲ್ಲ ಜಾಗದಲ್ಲೂ ನುಡಿಸಿ ನೋಡಿ. ತೆಗೆದ ಹಳೆಯ ಪಿಕಪ್ ಅಲ್ಲೇ ಕೇಳಿ ಪಡೆಯಿರಿ. ನಾಳೆ ಕೊಡ್ತೇವೆ ಎಂದರೆ ಕೂತು ಕಾಯಿರಿ.

ನಾನು ಕಾದಿರಲಿಲ್ಲ. ಮೊನ್ನೆ ಐದನೆಯ ಸಲ ಹೋದದ್ದು ಅದನ್ನು ಕೇಳಲು. ‘ಎಲ್ಲೋ ಉಂಟು, ಹುಡುಕಿ ಇಡ್ತೇನೆ’ ಎಂದರು. ಬಣ್ಣದ ವಿಷಯ ಹೇಳಿದೆ. ‘ಹೌದಾ? ಎಲ್ಲ ಒಂದೇ ಅಲ್ವಾ?’ ಎಂದು ನಕ್ಕರು. ಮೇಜಿನ ಮೇಲೆ ಬೇರೆ ಯಾರದೋ ಗಿಟಾರ್ ಬಿಚ್ಚಿಟ್ಟಿತ್ತು. ಅದರ ಮೇಲುಗಡೆ ಗೋಡೆಗೆ ಅಂಟಿಸಿದ್ದ ವಯರಿಂಗ್ ಚಿತ್ರ ಒಂದೇ ಒಂದು.